ಪಿಕಪ್ ಕೊಟ್ಟಾಗ ‘ಟಕ್’ ಎನ್ನುವ ಎಲೆಕ್ಟ್ರಿಕ್ ಕಾರು: ಸದ್ದು ಹುಡುಕಿ ಸರಿ ಮಾಡಿಸುವ ಪೂರ್ತಿ ದಾರಿ

ನನ್ನ ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ. ದಿನಾ ಎಲೆಕ್ಟ್ರಿಕ್ ಕಾರಿನಲ್ಲೇ ಓಡಾಟ. ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಗಾಡಿಯಲ್ಲಿ ಒಂದು ಸದ್ದು ಶುರುವಾಯಿತು. ನಿಂತ ಗಾಡಿಗೆ ಪಿಕಪ್ ಕೊಟ್ಟ ಕೂಡಲೇ ಮುಂದಿನ ಎಡಗಡೆಯಿಂದ ‘ಟಕ್’. ಒಂದೇ ಸಲ. ಆಮೇಲೆ ಏನೂ ಇಲ್ಲ, ಗಾಡಿ ಬೆಣ್ಣೆಯಂತೆ ಹೋಗುತ್ತದೆ. ಹಂಪ್ ಬಂತು, ಕಾಲು ತೆಗೆದೆ, ಮತ್ತೆ ಒತ್ತಿದೆ, ಮತ್ತೆ ‘ಟಕ್’. ವಿಚಿತ್ರ ಏನಂದರೆ ಬೆಳಿಗ್ಗೆ ಮನೆಯಿಂದ ಹೊರಟಾಗ ಈ ಸದ್ದು ಇರುತ್ತಲೇ ಇರಲಿಲ್ಲ. ನವಲೂರು ದಾಟಿದ ಮೇಲೆ ಎಲ್ಲೋ ಮೆಲ್ಲಗೆ ಶುರುವಾಗಿ, ಸಂಜೆ ಚೆನ್ನಮ್ಮ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ತಲೆ ಚಿಟ್ಟು ಹಿಡಿಸುತ್ತಿತ್ತು.

ಒಂದು ವರ್ಕ್‌ಶಾಪಿಗೆ ಬೆಳಿಗ್ಗೆ ತೆಗೆದುಕೊಂಡು ಹೋದೆ. ಸದ್ದು ಬರಲಿಲ್ಲ. ‘ಇವಿ ಗಾಡಿ ಹಿಂಗೇ ಇರ್ತಾವ್ರಿ’ ಎಂದರು. ಎರಡನೇ ಸಲ ಸಂಜೆ ಹೋದೆ. ಸದ್ದು ಬಂತು. ಈಗ ಇಡೀ ಆಕ್ಸಲ್, ಅಂದರೆ ಮೋಟಾರಿನ ಕಡೆಯಿಂದ ಚಕ್ರಕ್ಕೆ ಎಳೆತ ಒಯ್ಯುವ ಶಾಫ್ಟ್, ಬದಲಿಸಬೇಕು ಎಂದರು. ಕೊನೆಗೆ ಗೋಕುಲ ರೋಡಿನ ಕಡೆ ಹಳೇ ಪರಿಚಯದ ಮೆಕ್ಯಾನಿಕ್ ಕಾಕಾ ಒಬ್ಬರು ನೋಡಿದಾಗ ಗೊತ್ತಾಯಿತು, ಬೇಕಾಗಿದ್ದು ಒಂದು ಹೊಸ ನಟ್ಟು, ಸ್ವಲ್ಪ ಸ್ವಚ್ಛ ಮಾಡುವ ಕೆಲಸ, ಬೆರಳಿನ ತುದಿಯಷ್ಟು ಪೇಸ್ಟ್. ಅಷ್ಟೇ.

ಹಾಗಂತ ಎಲ್ಲ ಗಾಡಿಗೂ ಇದೇ ಮದ್ದು ಅಲ್ಲ. ಟಕ್ ಎನ್ನಲು ಹತ್ತು ಕಾರಣ ಇರಬಹುದು. ಆದರೆ ಬಿಚ್ಚುವ ಮೊದಲು ಕೇಳಿಸಿಕೊಳ್ಳಬೇಕು. ಸದ್ದು ಎಲ್ಲಿಂದ ಬರುತ್ತದೆ ಎನ್ನುವುದಕ್ಕಿಂತ ಯಾವಾಗ ಬರುತ್ತದೆ ಎನ್ನುವುದು ಜಾಸ್ತಿ ಹೇಳುತ್ತದೆ. ಅದನ್ನು ಹಿಡಿಯಲು ಪಾನಾ ಬೇಡ, ಸ್ಕ್ಯಾನರ್ ಬೇಡ. ಅರ್ಧ ಗಂಟೆ ಸಮಯ, ಒಂದು ಖಾಲಿ ಮೈದಾನ, ಜೊತೆಗೆ ಒಬ್ಬರು ಸಾಕು.

ಕೈ ಹಾಕುವ ಮೊದಲು

ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳನ್ನು ಯಾವ ಕಾರಣಕ್ಕೂ ಮುಟ್ಟಬೇಡಿ, ಬಿಚ್ಚಬೇಡಿ, ಪಕ್ಕಕ್ಕೆ ಸರಿಸಲೂ ಬೇಡಿ. ಅವುಗಳಲ್ಲಿ ನೂರಾರು ವೋಲ್ಟ್ ಇರುತ್ತದೆ. ಬಾನೆಟ್ ಒಳಗಿನ 12 ವೋಲ್ಟ್ ಸಣ್ಣ ಬ್ಯಾಟರಿಯ ತಂತಿ ತೆಗೆದ ಮಾತ್ರಕ್ಕೆ ಎಲ್ಲ ಸತ್ತುಹೋಯಿತು ಎಂದುಕೊಳ್ಳಬೇಡಿ. ಗಾಡಿ ಆಫ್ ಮಾಡಿದ ಮೇಲೂ ಒಳಗಿನ ಕೆಲವು ಭಾಗಗಳಲ್ಲಿ ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತದೆ. ಆ ಕೆಲಸ ಅದಕ್ಕೆಂದೇ ತರಬೇತಿ ಆದವರಿಗೆ ಬಿಡಿ. ನಮ್ಮ ಸದ್ದಿಗೂ ಆ ಕೇಬಲ್‌ಗಳಿಗೂ ಸಂಬಂಧವೂ ಇಲ್ಲ. ನಾವು ನೋಡುವುದು ಚಕ್ರ, ಶಾಫ್ಟ್, ನಟ್ಟು, ಬುಷ್ (ಜೋಡಣೆಯೊಳಗಿನ ರಬ್ಬರ್), ಬ್ರೇಕ್ ಮಾತ್ರ.

ಎರಡನೆಯದು ಜಾಕ್. ಹೆಚ್ಚಿನ ಎಲೆಕ್ಟ್ರಿಕ್ ಕಾರುಗಳ ಹೊಟ್ಟೆ ಕೆಳಗೆ ಉದ್ದಕ್ಕೂ ಬ್ಯಾಟರಿ ಪೆಟ್ಟಿಗೆ ಇರುತ್ತದೆ. ಪೆಟ್ರೋಲ್ ಗಾಡಿಯ ಅಭ್ಯಾಸದಲ್ಲಿ ಎಲ್ಲೋ ಮಧ್ಯಕ್ಕೆ ಜಾಕ್ ಕೊಟ್ಟರೆ ಆ ಪೆಟ್ಟಿಗೆಗೇ ಪೆಟ್ಟು. ಗಾಡಿಯ ಅಂಚಿನಲ್ಲಿ ಮ್ಯಾನುವಲ್ ತೋರಿಸುವ ಜಾಗಕ್ಕೆ ಮಾತ್ರ ಜಾಕ್ ಕೊಡಿ. ಪಂಕ್ಚರ್ ಅಂಗಡಿಯವರಿಗೂ ಇದನ್ನು ಬಾಯಿಬಿಟ್ಟು ಹೇಳಿ, ಗಾಡಿ ಕೆಳಗೆ ಬ್ಯಾಟರಿ ಇದೆ ಅಣ್ಣಾ ಅಂತ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಸ್ಟ್ಯಾಂಡ್ ಬೇಕೇ ಬೇಕು. ಎಲೆಕ್ಟ್ರಿಕ್ ಗಾಡಿ ಆನ್ ಇದ್ದರೂ ಸದ್ದೇ ಮಾಡುವುದಿಲ್ಲ ಅಲ್ವಾ, ಅದಕ್ಕೇ ಪೂರ್ತಿ ಆಫ್ ಮಾಡಿ, ಚಾವಿ ಮನೆಯೊಳಗೆ ದೂರ ಇಟ್ಟು ಬನ್ನಿ.

ಮೊದಲೆಲ್ಲ ಕೇಳಿಸದ ಸದ್ದು ಈಗ ಯಾಕೆ?

ಎರಡು ಕಾರಣ. ಒಂದು, ಇಂಜಿನ್ ಇಲ್ಲ. ಪೆಟ್ರೋಲ್ ಗಾಡಿಯಲ್ಲಿ ಇಂಜಿನ್ನಿನ ಸದ್ದು ನೂರು ಸಣ್ಣ ಸದ್ದುಗಳನ್ನು ನುಂಗುತ್ತಿತ್ತು. ಇಲ್ಲಿ ಡಿಕ್ಕಿಯಲ್ಲಿ ಉರುಳುವ ನೀರಿನ ಬಾಟಲಿಯೂ ಕೇಳಿಸುತ್ತದೆ.

ಎರಡನೆಯದು ಮುಖ್ಯ. ಮೋಟಾರಿನ ಎಳೆತ ಸೊನ್ನೆ ವೇಗದಿಂದಲೇ ಸಿಗುತ್ತದೆ. ಮೋಟಾರ್ 200 ನ್ಯೂಟನ್ ಮೀಟರ್ ತಿರುಚುಬಲ ಕೊಡುತ್ತದೆ, ಗೇರಿನ ಅನುಪಾತ 9 ಎಂದು ಹಿಡಿಯಿರಿ. ಚಕ್ರಗಳ ಹತ್ತಿರ ಬರುವಾಗ ಅದು ಸುಮಾರು 1800 ಆಗಿರುತ್ತದೆ. ಅದೂ ಕಾಲು ಒತ್ತಿದ ಕ್ಷಣಕ್ಕೇ. ಕಾಲು ತೆಗೆದರೆ ಮೋಟಾರ್ ಜನರೇಟರ್ ಆಗಿ ಗಾಡಿಯನ್ನು ಹಿಂದಕ್ಕೆ ಹಿಡಿಯುತ್ತದೆ, ಇದನ್ನೇ ರೀಜೆನ್ ಎನ್ನುವುದು. ಅಂದರೆ ಶಾಫ್ಟ್ ಒಮ್ಮೆ ಮುಂದಕ್ಕೆ ತಿರುಚಿಕೊಳ್ಳುತ್ತದೆ, ಮರುಕ್ಷಣ ಹಿಂದಕ್ಕೆ. ಉಣಕಲ್ಲಿನಿಂದ ಹೊಸೂರು ಸರ್ಕಲ್ ತನಕ ಟ್ರಾಫಿಕ್ಕಿನಲ್ಲಿ ಬಂದರೆ ಇದು ಎಷ್ಟು ಸಲ ಆಗುತ್ತದೆ ಲೆಕ್ಕ ಹಾಕಿ. ಎಲ್ಲಿ ಕೂದಲೆಳೆಯಷ್ಟು ಸಡಿಲ ಇದ್ದರೂ, ಎಲ್ಲಿ ಎರಡು ಕಬ್ಬಿಣದ ಮುಖಗಳು ಒಣಗಿ ಅಂಟಿಕೊಂಡಿದ್ದರೂ, ಹೀಗೆ ದಿಕ್ಕು ಬದಲಾಗುವಾಗ ಅದು ಟಕ್ ಎನ್ನುತ್ತದೆ.

ನನ್ನ ಗಾಡಿ ಬೆಳಿಗ್ಗೆ ಸುಮ್ಮನಿದ್ದದ್ದಕ್ಕೂ ಇದೇ ಉತ್ತರ. ರಾತ್ರಿ 100% ಚಾರ್ಜ್ ಮಾಡುತ್ತಿದ್ದೆ. ಬ್ಯಾಟರಿ ತುಂಬಿರುವಾಗ ಹೊಸ ಕರೆಂಟ್ ಹಾಕಲು ಜಾಗ ಇರುವುದಿಲ್ಲ, ಹಾಗಾಗಿ ಗಾಡಿಯೇ ರೀಜೆನ್ ಕಡಿಮೆ ಮಾಡಿಬಿಡುತ್ತದೆ. ಹಿಂದಕ್ಕೆ ಎಳೆತ ಇಲ್ಲ, ದಿಕ್ಕು ಬದಲಾಗುವುದಿಲ್ಲ, ಟಕ್ ಇಲ್ಲ. ಕೆಲವು ಕಿಲೋಮೀಟರ್ ಓಡಿ ಬ್ಯಾಟರಿ ಇಳಿದ ಮೇಲೆ ರೀಜೆನ್ ವಾಪಸ್, ಸದ್ದೂ ವಾಪಸ್. ಆದ್ದರಿಂದ ಪರೀಕ್ಷೆ ಮಾಡುವ ದಿನ ಬ್ಯಾಟರಿ 60 ರಿಂದ 80% ನಡುವೆ ಇರಲಿ. ವರ್ಕ್‌ಶಾಪಿಗೆ ಹೋಗುವಾಗಲೂ ಅಷ್ಟೇ ಇಟ್ಟುಕೊಂಡು ಹೋಗಿ.

ಸಣ್ಣ ಸಂಗತಿಗಳನ್ನು ಮೊದಲು ಮುಗಿಸಿ

ಡಿಕ್ಕಿ ಪೂರ್ತಿ ಖಾಲಿ ಮಾಡಿ. ಚಾರ್ಜಿಂಗ್ ಕೇಬಲ್ಲಿನ ಚೀಲ, ಜಾಕ್, ಸ್ಟೆಪ್ನಿ, ಛತ್ರಿ, ಎಲ್ಲ ಹೊರಗೆ. ಖಾಲಿ ಸೀಟಿನ ಬೆಲ್ಟಿನ ಬಕಲ್ ಪ್ಲಾಸ್ಟಿಕ್ಕಿಗೆ ಬಡಿಯುತ್ತಿದೆಯೇ ನೋಡಿ. ನಂಬರ್ ಪ್ಲೇಟ್ ಬೆರಳಲ್ಲಿ ತಟ್ಟಿ ನೋಡಿ.

ಆಮೇಲೆ ಟೈರು. ನಮ್ಮ ಕಡೆ ಇದಕ್ಕೆ ಸ್ವಲ್ಪ ಹೆಚ್ಚು ಗಮನ ಬೇಕು. ಎಲ್ಲಿ ನೋಡಿದರೂ ರಸ್ತೆ ಕೆಲಸ, ಖಡಿ ಹರಡಿರುತ್ತದೆ. ಟೈರಿನ ಗೀರಿನಲ್ಲಿ ಒಂದು ಖಡಿ ಸಿಕ್ಕಿಕೊಂಡರೆ ಸಾಕು, ಸಿಮೆಂಟ್ ರಸ್ತೆ ಮೇಲೆ ಟಿಕ್ ಟಿಕ್ ಟಿಕ್ ಅಂತ ಥೇಟ್ ಮುರಿದ ಜಾಯಿಂಟ್ ಥರ ಸದ್ದು ಬರುತ್ತದೆ. ಸ್ಕ್ರೂ ಡ್ರೈವರಿನಿಂದ ನಾಲ್ಕೂ ಟೈರಿನ ಕಲ್ಲು ಕೀಳಿ. ಮೊಳೆ ಸಿಕ್ಕರೆ ಮಾತ್ರ ಅಲ್ಲೇ ಕೀಳಬೇಡಿ, ಪಂಕ್ಚರ್ ಅಂಗಡಿಯಲ್ಲಿ ಕೀಳಿಸಿ. ಗದಗ, ನವಲಗುಂದ, ಅಣ್ಣಿಗೇರಿ ಕಡೆ ಹೊಲಕ್ಕೆ ಹೋಗಿ ಬರುವವರು ರಿಮ್ಮಿನ ಒಳಭಾಗವನ್ನೂ ನೋಡಿ. ಎರಿ ಮಣ್ಣು ಒಳಗೆ ಮೆತ್ತಿಕೊಂಡು ಒಣಗಿದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಬ್ರೇಕ್ ಡಿಸ್ಕಿನ ಹಿಂದಿನ ತೆಳು ತಗಡಿಗೂ ಡಿಸ್ಕಿಗೂ ನಡುವೆ ಹರಳು ಸಿಕ್ಕಿದ್ದರೆ ಬೇರೆಯದೇ ಕಿರಿಕಿರಿ. ನೀರು ಹೊಡೆದು ತೊಳೆಸಿ, ಆದರೆ ಜೋರು ಪೈಪಿನ ನೀರನ್ನು ಶಾಫ್ಟಿನ ತುದಿ ಮುಚ್ಚಿರುವ ರಬ್ಬರ್ ಬೂಟಿಗೆ, ಬೇರಿಂಗಿಗೆ, ವೈರ್ ಜೋಡಣೆಗೆ ಹತ್ತಿರದಿಂದ ಹೊಡೆಸಬೇಡಿ.

ವೀಲ್ ಕವರ್ ಇದ್ದರೆ ತೆಗೆದಿಟ್ಟು ಒಂದು ಸುತ್ತು ಹೋಗಿ ಬನ್ನಿ. ವೀಲ್ ನಟ್ಟುಗಳು ಬಿಗಿ ಇವೆಯೇ ನೋಡಿ, ಇದು ಜೀವದ ಪ್ರಶ್ನೆ. ಇತ್ತೀಚೆಗೆ ಟೈರ್ ಬದಲಿಸಿದ್ದರೆ ಅಥವಾ ಅಲೈನ್‌ಮೆಂಟ್ ಮಾಡಿಸಿದ್ದರೆ ಮೊದಲ ಅನುಮಾನವೇ ಅಲ್ಲಿರಲಿ. ಗಾಡಿ ಕೆಳಗಿನ ಪ್ಲಾಸ್ಟಿಕ್ ಗಾರ್ಡ್ ಎತ್ತರದ ಹಂಪ್‌ಗೆ ತಾಗಿ ಕ್ಲಿಪ್ ಕಳಚಿರಬಹುದು, ಬಗ್ಗಿ ಒಮ್ಮೆ ನೋಡಿ.

ಕೆಲವು ಟಕ್‌ಗಳು ರೋಗವೇ ಅಲ್ಲ. ಗಾಡಿ ಆನ್ ಮಾಡುವಾಗ, ಆಫ್ ಮಾಡುವಾಗ, ಚಾರ್ಜಿಗೆ ಹಚ್ಚುವಾಗ ಕೆಳಗಿನಿಂದ ಬರುವ ಗಟ್ಟಿ ‘ಟಕ್’ ಬ್ಯಾಟರಿಯೊಳಗಿನ ಕಾಂಟ್ಯಾಕ್ಟರ್, ಅಂದರೆ ದೊಡ್ಡ ಸ್ವಿಚ್ಚು. ಪಿ ಇಂದ ಡಿ ಗೆ ಹಾಕುವಾಗ ಪಾರ್ಕಿಂಗ್ ಲಾಕ್ ಬಿಡುವ ಸದ್ದು ಬರುತ್ತದೆ. ಹೊರಟ ಕೆಲವೇ ಸೆಕೆಂಡಿಗೆ ಎಬಿಎಸ್ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವಾಗ ಒಂದು ಸಲ ಕಟಕ್ ಎನ್ನಬಹುದು. ಇವು ಪ್ರತಿ ಸಲ ಅದೇ ಜಾಗದಲ್ಲಿ, ಅದೇ ರೀತಿ ಬರುತ್ತವೆ. ಹೆದರಬೇಡಿ.

ಈಗ ಕೇಳಿಸಿಕೊಳ್ಳಿ

ಭಾನುವಾರ ಬೆಳಿಗ್ಗೆ ಬೇಗ ಎದ್ದು ಸಮತಟ್ಟಾದ ಖಾಲಿ ಜಾಗಕ್ಕೆ ಹೋಗಿ. ಎಸಿ ಆಫ್, ಹಾಡು ಆಫ್. ಒಂದು ಕಡೆ ಉದ್ದ ಕಾಂಪೌಂಡ್ ಗೋಡೆ ಇದ್ದರೆ ತುಂಬಾ ಒಳ್ಳೆಯದು. ಗೋಡೆ ಕಡೆಯ ಗಾಜು ಇಳಿಸಿ ಅದರ ಪಕ್ಕ ನಿಧಾನ ಹೋದರೆ ಚಕ್ರದ ಸದ್ದು ಗೋಡೆಗೆ ಬಡಿದು ವಾಪಸ್ ಸ್ಪಷ್ಟ ಕೇಳಿಸುತ್ತದೆ. ತಿರುಗಿಸಿಕೊಂಡು ಬಂದು ಇನ್ನೊಂದು ಕಡೆಯದನ್ನೂ ಕೇಳಿ. ಎಡವೋ ಬಲವೋ ಎನ್ನುವುದು ಇಲ್ಲೇ ಹೆಚ್ಚುಕಡಿಮೆ ತೀರ್ಮಾನ ಆಗುತ್ತದೆ.

ಒಂದೇ ಟಕ್ಕೋ, ಸಾಲು ಟಿಕ್ ಟಿಕ್ಕೋ? ಇದು ಮೊದಲ ಪ್ರಶ್ನೆ. ಸಾಲಾಗಿ ಬರುತ್ತಿದ್ದರೆ ಎಣಿಸಿ. ಈಗಿನ ಸಾಮಾನ್ಯ ಕಾರಿನ ಟೈರಿನ ಸುತ್ತಳತೆ ಸುಮಾರು 2 ಮೀಟರ್. 10 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 2.8 ಮೀಟರ್ ಹೋಗುತ್ತದೆ, ಅಂದರೆ 10 ಸೆಕೆಂಡಿಗೆ ಚಕ್ರ ಸುಮಾರು 14 ಸುತ್ತು. ನಿಮ್ಮ ಎಣಿಕೆ 13-14ರ ಹತ್ತಿರ ಬಂದರೆ ಸುತ್ತಿಗೊಂದು ಟಿಕ್. ಅದು ಟೈರು, ರಿಮ್ಮು, ಬೇರಿಂಗು, ಡಿಸ್ಕು ಅಥವಾ ಹೊರಗಿನ ಸಿವಿ ಜಾಯಿಂಟ್ (ಚಕ್ರ ಎಡ ಬಲ ತಿರುಗಿದರೂ ಎಳೆತ ದಾಟಿಸುವ, ಶಾಫ್ಟಿನ ತುದಿಯ ಕೀಲು), ಒಟ್ಟಿನಲ್ಲಿ ಚಕ್ರದ ಜೊತೆ ತಿರುಗುವ ವಸ್ತು. ಮೋಟಾರ್ ಚಕ್ರಕ್ಕಿಂತ ಎಂಟು ಹತ್ತು ಪಟ್ಟು ಜೋರು ತಿರುಗುತ್ತದೆ, ಅದರೊಳಗಿನ ತೊಂದರೆ ಹೀಗೆ ಎಣಿಸುವಷ್ಟು ನಿಧಾನ ಬರುವುದೇ ಇಲ್ಲ, ಬಂದರೆ ಗುಂಯ್ ಅಥವಾ ಗರ್ ಎಂದು ಸೇರಿಕೊಂಡು ಬರುತ್ತದೆ. ಈ ಒಂದು ಲೆಕ್ಕ ಗೊತ್ತಿದ್ದರೆ ‘ಮೋಟಾರೇ ಹೋಗೇತ್ರಿ’ ಎಂದು ಯಾರಾದರೂ ಹೆದರಿಸಿದಾಗ ಸಮಾಧಾನದಿಂದ ಪ್ರಶ್ನೆ ಕೇಳಬಹುದು.

ಸಾಲು ಸದ್ದಾದರೆ, 20ರ ವೇಗದಲ್ಲಿ ಸಮತಟ್ಟು ಜಾಗದಲ್ಲಿ ಎನ್ ಗೆ, ಅಂದರೆ ನ್ಯೂಟ್ರಲ್‌ಗೆ ಹಾಕಿ ಗಾಡಿ ತಾನೇ ಉರುಳಲು ಬಿಡಿ. ಬ್ರೇಕು, ಸ್ಟೇರಿಂಗ್ ಎರಡೂ ಕೆಲಸ ಮಾಡುತ್ತಲೇ ಇರುತ್ತವೆ, ಆದರೂ ಇಳಿಜಾರಿನಲ್ಲಿ, ಟ್ರಾಫಿಕ್ಕಿನಲ್ಲಿ ಇದನ್ನು ಮಾಡಬೇಡಿ. ಎನ್ ನಲ್ಲೂ ಅದೇ ಟಿಕ್ ಟಿಕ್ ಬಂದರೆ ಎಳೆತಕ್ಕೂ ಅದಕ್ಕೂ ಸಂಬಂಧ ಇಲ್ಲ, ಟೈರು, ಬೇರಿಂಗ್, ಬ್ರೇಕ್ ನೋಡಿ. ಎಳೆಯುವಾಗ ಮಾತ್ರ ಬಂದರೆ ಜಾಯಿಂಟ್. ಇನ್ನು ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ನಿಧಾನ ಪಿಕಪ್ ಕೊಡುತ್ತಾ ದುಂಡಗೆ ಸುತ್ತು ಹಾಕಿ. ಎಡಕ್ಕೂ, ಬಲಕ್ಕೂ. ತಿರುವಿನಲ್ಲಿ ಕಟ ಕಟ ಕಟ ಎಂದು ಜೋರಾದರೆ ಹೊರಗಿನ ಸಿವಿ ಜಾಯಿಂಟ್ ಸವೆದಿದೆ ಎಂದು ಬಹುಪಾಲು ಹೇಳಬಹುದು.

ಒಂದೇ ಟಕ್ ಆದರೆ ಆಟ ಬೇರೆ, ಇಲ್ಲೇ ಜನ ಜಾಸ್ತಿ ದುಡ್ಡು ಕಳೆದುಕೊಳ್ಳುವುದು.

ಡಿ ಗೆ ಹಾಕಿ ಎರಡು ಮೀಟರ್ ಮುಂದೆ ಹೋಗಿ, ಬ್ರೇಕ್ ಒತ್ತಿ ನಿಲ್ಲಿ. ಆರ್ ಗೆ ಹಾಕಿ ಎರಡು ಮೀಟರ್ ಹಿಂದೆ. ಮತ್ತೆ ಡಿ. ಪ್ರತಿ ಸಲ ದಿಕ್ಕು ಬದಲಿಸಿದಾಗ ಒಂದೊಂದೇ ಟಕ್ ಬಂದರೆ ಗಮನಿಸಿ. ಈಗ ರೀಜೆನ್ ಸೊನ್ನೆಗೆ ಇಳಿಸುವ ಸೌಲಭ್ಯ ನಿಮ್ಮ ಗಾಡಿಯಲ್ಲಿದ್ದರೆ ಇಳಿಸಿ. ಆರ್ ಮುಟ್ಟದೆ, ಬರೀ ಡಿ ನಲ್ಲಿ, ಬ್ರೇಕ್ ಕಾಲಿನಿಂದಲೇ ನಿಲ್ಲಿಸುತ್ತಾ ಮೂರು ನಾಲ್ಕು ಸಲ ಹೊರಡಿ, ನಿಲ್ಲಿ, ಹೊರಡಿ. ಮೊದಲ ಸಲ ಟಕ್ ಬಂದು ಉಳಿದ ಸಲ ಬರಲಿಲ್ಲವೇ? ಈಗ ರೀಜೆನ್ ಪೂರ್ತಿ ಏರಿಸಿ ಅದೇ ಮಾಡಿ. ಪ್ರತಿ ಸಲ ಟಕ್ ಬಂತೇ? ಹಾಗಿದ್ದರೆ ಕಳ್ಳ ಸಿಕ್ಕ. ತಿರುಚುಬಲದ ದಿಕ್ಕು ಬದಲಾದಾಗ ಮಾತ್ರ ಬರುವ ಸದ್ದು ಅದು. ಹಬ್ (ಚಕ್ರ ಕೂರುವ ನಡುಭಾಗ) ಮತ್ತು ಡ್ರೈವ್ ಶಾಫ್ಟ್ ಕೂಡುವ ಜಾಗ, ಶಾಫ್ಟಿನ ಒಳತುದಿಯ ಜಾಯಿಂಟಿನ ಹಲ್ಲುಗಳು ಅಥವಾ ಮೋಟಾರನ್ನು ಗಾಡಿಗೆ ಹಿಡಿದಿಡುವ ಮೌಂಟ್, ಈ ಮೂರರಲ್ಲೇ ಇರಬೇಕು.

ಮೌಂಟ್ ಬೇರೆ ಮಾಡುವುದು ಸುಲಭ. ಬಾನೆಟ್ ತೆಗೆದು, ಜೊತೆಗಾರರನ್ನು ಪಕ್ಕಕ್ಕೆ ನಿಲ್ಲಿಸಿ. ಗಾಡಿಯ ಮುಂದೆ ಯಾರೂ ನಿಲ್ಲಬಾರದು, ಮಕ್ಕಳನ್ನಂತೂ ಹತ್ತಿರ ಬಿಡಲೇಬೇಡಿ. ಬ್ರೇಕ್ ಗಟ್ಟಿ ಒತ್ತಿಟ್ಟು ಡಿ, ಆರ್, ಡಿ ಬದಲಿಸಿ. ಮೋಟಾರಿನ ಗಡ್ಡೆ ಕಣ್ಣಿಗೆ ಕಾಣುವಂತೆ ಎದ್ದು ಬಿದ್ದು ಮಾಡಿದರೆ, ಸದ್ದು ಟಕ್‌ಗಿಂತ ‘ಢಬ್’ ಥರ ಇದ್ದು ಕಾಲ ಕೆಳಗೆ ನಡುಕ ಬಂದರೆ, ಮೌಂಟಿನ ರಬ್ಬರ್ ಹರಿದಿದೆ ಅಥವಾ ಬೋಲ್ಟ್ ಸಡಿಲ ಇದೆ. ಸದ್ದು ಚುರುಕಾಗಿ, ಒಣ ಕಟ್ಟಿಗೆ ಮುರಿದಂತೆ ಇದ್ದು, ಚಕ್ರದ ಮಧ್ಯದಿಂದ ಬಂದರೆ ಹಬ್. ಜೊತೆಗಾರರಿಗೆ ಗಾಡಿಯ ಪಕ್ಕ ಎರಡು ಮಾರು ದೂರದಲ್ಲಿ ನಡೆದುಕೊಂಡು ಬಂದು ಮೊಬೈಲಿನಲ್ಲಿ ವಿಡಿಯೋ ಮಾಡಲು ಹೇಳಿ. ಆ ವಿಡಿಯೋ ಮುಂದೆ ತುಂಬಾ ಕೆಲಸಕ್ಕೆ ಬರುತ್ತದೆ.

ಇನ್ನೆರಡು ಬೇಗ ನೋಡಿಬಿಡೋಣ. ಹಂಪ್ ಮೇಲೆ, ತಗ್ಗಿನಲ್ಲಿ ಪಿಕಪ್ ಕೊಡದಿದ್ದರೂ ಕಟ್ ಕಟ್ ಎಂದರೆ ಅದು ಸಸ್ಪೆನ್ಷನ್. ಅದರ ಕಡ್ಡಿ, ರಬ್ಬರ್, ಕೀಲುಗಳನ್ನು ನೋಡಿಸಿ: ಲಿಂಕ್ ರಾಡ್, ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್. ರಿವರ್ಸ್ ತೆಗೆದು ಮುಂದೆ ಬಂದು ಮೊದಲ ಸಲ ಬ್ರೇಕ್ ಒತ್ತಿದಾಗ ಮಾತ್ರ ಟಕ್ ಎಂದರೆ ಬ್ರೇಕ್ ಪ್ಯಾಡ್ ತನ್ನ ಮನೆಯೊಳಗೆ ಸರಿಯುತ್ತಿದೆ. ಎಲೆಕ್ಟ್ರಿಕ್ ಗಾಡಿಯಲ್ಲಿ ರೀಜೆನ್ನೇ ಹೆಚ್ಚಿನ ಬ್ರೇಕ್ ಕೆಲಸ ಮಾಡುವುದರಿಂದ ಪ್ಯಾಡ್ ಸವೆಯುವುದು ಕಡಿಮೆ, ಆದರೆ ಅದೇ ಕಾರಣಕ್ಕೆ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಡಿಸ್ಕು ತುಕ್ಕು ಹಿಡಿಯುತ್ತದೆ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ನು ಒಣಗುತ್ತದೆ.

ಗಾಡಿ ಎತ್ತಿ ನೋಡುವುದು

ಹಿಂದಿನ ಚಕ್ರಗಳಿಗೆ ಅಡ್ಡ ಕಲ್ಲು, ಪಾರ್ಕಿಂಗ್ ಬ್ರೇಕ್, ಸ್ಟ್ಯಾಂಡ್. ಎತ್ತಿದ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ, ಅಂದರೆ ಸಡಿಲ, ಇದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಟ ಇದ್ದರೆ ಸ್ಟೇರಿಂಗಿನ ಟೈ ರಾಡ್ ಕಡೆ. ಟಾರ್ಚ್ ಹಾಕಿ ಶಾಫ್ಟಿನ ಎರಡೂ ತುದಿಯ ರಬ್ಬರ್ ಬೂಟ್ ನೋಡಿ. ಸುಕ್ಕುಗಳನ್ನು ಬಿಡಿಸಿ ನೋಡಬೇಕು, ಸೀಳು ಅಲ್ಲೇ ಅಡಗಿರುತ್ತದೆ. ರಿಮ್ಮಿನ ಒಳಮುಖಕ್ಕೆ ಕಪ್ಪು ಗ್ರೀಸ್ ಚಿಮ್ಮಿದ್ದರೆ ಬೂಟ್ ಹರಿದಿದೆ ಎಂದೇ ಅರ್ಥ. ಒಳತುದಿಯಲ್ಲಿ, ಶಾಫ್ಟ್ ಗೇರ್ ಪೆಟ್ಟಿಗೆಗೆ ಸೇರುವ ಕಡೆ ಎಣ್ಣೆ ಜಿನುಗುತ್ತಿದೆಯೇ? ಎಲೆಕ್ಟ್ರಿಕ್ ಗಾಡಿಗೆ ಇಂಜಿನ್ ಆಯಿಲ್ ಇಲ್ಲ, ಆದರೆ ಗೇರ್ ಆಯಿಲ್ ಇದೆ. ಜಿನುಗಿದ್ದು ಕಂಡರೆ ಓಡಿಸುತ್ತಾ ಕೂರಬೇಡಿ.

ಬೂಟ್ ಸರಿ ಇದೆ, ಆಟ ಇಲ್ಲ, ಮೌಂಟ್ ಗಟ್ಟಿ ಇದೆ, ಆದರೂ ದಿಕ್ಕು ಬದಲಾದಾಗ ಟಕ್. ಇಷ್ಟಾದರೆ ಮುಂದಿನ ಭಾಗ ನಿಮಗಾಗಿ.

ಹಬ್ ಟಕ್‌ಗೆ ಮದ್ದು

ಒಳಗೆ ಆಗುವುದು ಹೀಗೆ. ಸಿವಿ ಜಾಯಿಂಟಿನ ತುದಿಯಲ್ಲಿ ಉದ್ದುದ್ದ ಹಲ್ಲುಗಳಿರುವ ಕಂಬಿ ಇದೆ. ಇದಕ್ಕೆ ಸ್ಪ್ಲೈನ್ ಎನ್ನುತ್ತಾರೆ. ಅದು ಹಬ್ಬಿನ ತೂತಿನೊಳಗೆ ಕೂತು, ಹೊರಗಿನಿಂದ ದೊಡ್ಡ ಆಕ್ಸಲ್ ನಟ್ಟು ಬಿಗಿಯುತ್ತದೆ. ಆಗ ಜಾಯಿಂಟಿನ ದುಂಡು ಭುಜ ಬೇರಿಂಗಿನ ಒಳಬಳೆಗೆ ಒತ್ತಿಕೊಂಡು ನಿಲ್ಲುತ್ತದೆ. ಕಬ್ಬಿಣಕ್ಕೆ ಕಬ್ಬಿಣ. ಪಿಕಪ್ ಕೊಟ್ಟಾಗ ಶಾಫ್ಟ್ ಕೂದಲಿನಷ್ಟು ತಿರುಚಿಕೊಳ್ಳುತ್ತದೆ. ಆ ಎರಡು ಮುಖ ನುಣುಪಾಗಿದ್ದರೆ ಸದ್ದಿಲ್ಲದೆ ಸರಿಯುತ್ತವೆ. ಧೂಳು, ತುಕ್ಕು, ಒಣಗಿದ ಮಣ್ಣು ಸೇರಿದ್ದರೆ ಮೊದಲು ಅಂಟಿ ಹಿಡಿದುಕೊಂಡು, ಬಲ ಜಾಸ್ತಿಯಾದಾಗ ತಟ್ಟನೆ ಬಿಡುತ್ತವೆ. ಬಿಡುವಾಗ ಬರುವುದೇ ಟಕ್. ಮುಂದಿನ ಸಲ ದಿಕ್ಕು ಬದಲಾಗುವ ತನಕ ಮತ್ತೆ ಸದ್ದಿಲ್ಲ. ಇದು ಒಂದೇ ಕಂಪನಿಯ ಗಾಡಿಯ ಕಥೆ ಅಲ್ಲ, ಪೆಟ್ರೋಲ್ ಗಾಡಿಯಲ್ಲೂ ಇದೆ.

ಈ ಕೆಲಸವನ್ನು ಮನೆ ಅಂಗಳದಲ್ಲಿ ಮಾಡಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆಕ್ಸಲ್ ನಟ್ಟು ಬಿಚ್ಚಲು ಬೇಕಾಗುವ ಬಲಕ್ಕೆ ಸ್ಟ್ಯಾಂಡ್ ಮೇಲಿನ ಗಾಡಿ ಅಲ್ಲಾಡಬಹುದು. ಲಿಫ್ಟ್ ಇರುವ ವರ್ಕ್‌ಶಾಪಿನಲ್ಲಿ ಮಾಡಿಸಿ, ಆದರೆ ಪಕ್ಕದಲ್ಲಿ ನಿಂತು ಒಂದೊಂದು ಹಂತವನ್ನೂ ನೋಡಿ. ವಾರಂಟಿ ಇನ್ನೂ ಇದ್ದರೆ ಹೊರಗಿನವರ ಕೈಗೆ ಕೊಡಬೇಡಿ, ಕಂಪನಿಯ ಸರ್ವಿಸ್ ಸೆಂಟರಿನಲ್ಲೇ ಇದನ್ನೇ ಕೇಳಿ.

ಹೋಗುವ ಮೊದಲು ಹೊಸ ಆಕ್ಸಲ್ ನಟ್ಟು ತರಿಸಿ. ಬಹಳಷ್ಟು ಗಾಡಿಗಳಲ್ಲಿ ಈ ನಟ್ಟು ಒಂದೇ ಸಲ ಬಳಸುವಂಥದ್ದು, ಅಂಚನ್ನು ತಗ್ಗಿಗೆ ಬಡಿದು ಲಾಕ್ ಮಾಡಿರುತ್ತಾರೆ. ಹಳೆಯದನ್ನೇ ಹಾಕುತ್ತೇನೆ ಎಂದರೆ ಬೇಡ ಎನ್ನಿ. ಎರಡೂ ಕಡೆಗೆ ಒಂದೊಂದು. ಜೊತೆಗೆ ಮಾಲಿಬ್ಡಿನಮ್ ಇರುವ ಕಪ್ಪು ಪೇಸ್ಟ್ ಒಂದು ಟ್ಯೂಬ್. ಸಾದಾ ಹಳದಿ ಗ್ರೀಸ್ ಇಲ್ಲಿ ನಿಲ್ಲುವುದಿಲ್ಲ, ಅಷ್ಟು ಒತ್ತಡಕ್ಕೆ ಹಿಂಡಿ ಹೊರಗೆ ಬಂದುಬಿಡುತ್ತದೆ, ಎರಡು ವಾರಕ್ಕೆ ಸದ್ದು ವಾಪಸ್.

ಗಾಡಿ ಎತ್ತಿ, ಚಕ್ರ ತೆಗೆದು, ನಟ್ಟಿನ ಲಾಕ್ ಬಿಡಿಸಿ, ಒಬ್ಬರು ಬ್ರೇಕ್ ಒತ್ತಿ ಹಿಡಿದಾಗ ನಟ್ಟು ಬಿಚ್ಚಬೇಕು. ಬಿಚ್ಚಲು ಗನ್ (ನಟ್ಟು ತಿರುಗಿಸುವ ಯಂತ್ರ) ಬಳಸಬಹುದು. ನಟ್ಟು ಸಡಿಲ ಇರುವಾಗ ಗಾಡಿಯ ಭಾರ ಆ ಚಕ್ರದ ಮೇಲೆ ಬರಬಾರದು, ಗಾಡಿಯನ್ನು ಅರ್ಧ ಅಡಿ ನೂಕಲೂ ಬಾರದು, ಏಕೆಂದರೆ ಆ ನಟ್ಟಿನ ಬಿಗಿತವೇ ಬೇರಿಂಗನ್ನು ಹಿಡಿದಿಟ್ಟಿರುತ್ತದೆ. ಶಾಫ್ಟನ್ನು ಕೈಯಿಂದ ಒಳಕ್ಕೆ ನೂಕಿ. ಬರದಿದ್ದರೆ ಕಟ್ಟಿಗೆ ತುಂಡು ಇಟ್ಟು ಮೆಲ್ಲಗೆ ತಟ್ಟಬೇಕು, ಸುತ್ತಿಗೆಯಿಂದ ನೇರವಾಗಿ ಬಡಿದರೆ ಥ್ರೆಡ್ ಹಾಳು. ಕೆಲವು ಗಾಡಿಯಲ್ಲಿ ಬೆರಳು ಹೋಗುವಷ್ಟು ಸಂದಿ ಸಿಗುತ್ತದೆ, ಕೆಲವದರಲ್ಲಿ ಬಾಲ್ ಜಾಯಿಂಟ್ ಬಿಚ್ಚಿ ಹಬ್ಬನ್ನು ಹೊರಗೆ ಎಳೆಯಬೇಕು. ಹಾಗೆ ಎಳೆಯುವಾಗ ಶಾಫ್ಟ್ ಜೋತು ಬೀಳದಂತೆ ಕಟ್ಟಿ ಹಿಡಿಯಬೇಕು. ಜೋತುಬಿದ್ದರೆ ಒಳಗಿನ ಜಾಯಿಂಟ್ ಕಳಚುತ್ತದೆ, ಗೇರ್ ಆಯಿಲ್ ಸುರಿಯುತ್ತದೆ, ಇಲ್ಲದ ಹೊಸ ರಗಳೆ. ಎಬಿಎಸ್ ಸೆನ್ಸರಿನ ತಂತಿ ಮೇಲೂ ಕಣ್ಣಿರಲಿ.

ಈಗ ಆ ದುಂಡು ಮುಖ ನೋಡಿ. ನನ್ನ ಗಾಡಿಯಲ್ಲಿ ಕಂದು ಬಣ್ಣದ ಪುಡಿ ಅಂಟಿತ್ತು, ಅಲ್ಲಲ್ಲಿ ಕನ್ನಡಿಯಂತೆ ಉಜ್ಜಿದ ಗುರುತು. ಕಾಕಾ ಅದನ್ನು ಬೆರಳಿನಿಂದ ಒರೆಸಿ ತೋರಿಸಿ, ‘ಇದ ನೋಡ್ರಿ ನಿಮ್ಮ ಟಕ್’ ಎಂದರು. ಬ್ರೇಕ್ ಕ್ಲೀನರ್ ಬಟ್ಟೆಗೆ ಹಾಕಿಕೊಂಡು ಎರಡೂ ಮುಖ, ಸ್ಪ್ಲೈನ್ ಹಲ್ಲು, ಪೂರ್ತಿ ಒರೆಸಬೇಕು. ಬೇರಿಂಗಿನ ಸೀಲ್ ಮೇಲೆ ನೇರ ಸ್ಪ್ರೇ ಹೊಡೆಯಬಾರದು. ಹಲ್ಲುಗಳು ಸವೆದು ಚೂಪಾಗಿದ್ದರೆ, ಮುಖದಲ್ಲಿ ಆಳದ ಗೀರು ಇದ್ದರೆ ಪೇಸ್ಟ್ ಉಪಯೋಗಕ್ಕೆ ಬರುವುದಿಲ್ಲ, ಆಗ ಮಾತ್ರ ಶಾಫ್ಟ್ ಬದಲಿಸುವ ಮಾತು.

ಮುಖ ಚೆನ್ನಾಗಿದ್ದರೆ ಪೇಸ್ಟನ್ನು ತೆಳ್ಳಗೆ, ದೋಸೆ ಕಾವಲಿಗೆ ಎಣ್ಣೆ ಸವರಿದಷ್ಟು, ಭುಜದ ಸುತ್ತಲೂ ಸವರಿ. ಹಲ್ಲುಗಳಿಗೂ ಸ್ವಲ್ಪ. ನಟ್ಟಿನ ಥ್ರೆಡ್ಡಿಗೆ ಬೇಡ, ಅಲ್ಲಿ ಜಾರಿಕೆ ಹೆಚ್ಚಾದರೆ ಬಿಗಿತದ ಲೆಕ್ಕ ತಪ್ಪುತ್ತದೆ. ಡಿಸ್ಕಿಗಂತೂ ಒಂದು ಚುಕ್ಕೆಯೂ ತಾಗಬಾರದು. ಹೊಸ ನಟ್ಟು ಹಾಕಿ, ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚಿನಿಂದಲೇ ಬಿಗಿಸಿ. ಇಲ್ಲಿ ಗನ್ ಬೇಡ, ಅಂದಾಜೂ ಬೇಡ. ಎಷ್ಟು ಬಿಗಿಯಬೇಕು ಎನ್ನುವುದು ಗಾಡಿಯಿಂದ ಗಾಡಿಗೆ ಬೇರೆ. ಕೆಲವದರಲ್ಲಿ ಇಷ್ಟು ನ್ಯೂಟನ್ ಮೀಟರ್, ಆಮೇಲೆ ಇಷ್ಟು ಡಿಗ್ರಿ ಎಂದಿರುತ್ತದೆ. ನಿಮ್ಮ ಮಾಡೆಲ್ಲಿನ ಸರ್ವಿಸ್ ಮ್ಯಾನುವಲ್ಲಿನ ಸಂಖ್ಯೆಯನ್ನೇ ಕೇಳಿ, ಅವರ ಹತ್ತಿರ ಇಲ್ಲ ಎಂದರೆ ಅಲ್ಲಿ ಮಾಡಿಸಬೇಡಿ. ಲಾಕ್ ಬಡಿದು, ಇನ್ನೊಂದು ಕಡೆಯೂ ಇದನ್ನೇ ಮಾಡಿಸಿ. ಇಂದು ಎಡದಲ್ಲಿ ಬಂದದ್ದು ನಾಳೆ ಬಲದಲ್ಲಿ ಬರುತ್ತದೆ.

ಉಳಿದವು

ಬೂಟ್ ಹರಿದಿದ್ದು ಈಗಷ್ಟೇ, ಸದ್ದು ಇನ್ನೂ ಬಂದಿಲ್ಲ ಎಂದರೆ ಜಾಯಿಂಟ್ ತೊಳೆದು, ಹೊಸ ಗ್ರೀಸ್ ತುಂಬಿ, ಬೂಟ್ ಬದಲಿಸಿದರೆ ಸಾಕು. ತಿರುವಿನಲ್ಲಿ ಕಟಕಟ ಶುರುವಾಗಿದ್ದರೆ ಧೂಳು ಒಳಗೆ ಹೋಗಿ ಗೋಲಿಗಳನ್ನು ತಿಂದಾಗಿದೆ, ಜಾಯಿಂಟ್ ಅಥವಾ ಪೂರ್ತಿ ಶಾಫ್ಟ್ ಬದಲಿಸಲೇಬೇಕು, ಗ್ರೀಸ್ ತುಂಬಿ ದಿನ ದೂಡಬೇಡಿ. ಮೌಂಟ್ ಹರಿದಿದ್ದರೆ ಹೊಸದು. ವೆಲ್ಡಿಂಗ್, ರಬ್ಬರ್ ತುಂಡು ತುರುಕುವುದು ಬೇಡ, ಮೌಂಟ್ ಅಲ್ಲಾಡಿದರೆ ಕಿತ್ತಳೆ ಕೇಬಲ್‌ಗಳೂ ಜಗ್ಗುತ್ತವೆ. ಲಿಂಕ್ ರಾಡ್ ಸಣ್ಣ ಖರ್ಚು, ಜೋಡಿಯಾಗಿ ಬದಲಿಸಿ. ಕ್ಯಾಲಿಪರ್ ಪಿನ್ ಸ್ವಚ್ಛ ಮಾಡಿ ಅದರದೇ ಗ್ರೀಸ್ ಹಾಕಿಸುವುದನ್ನು ಪ್ರತಿ ಮಳೆಗಾಲದ ಕೊನೆಗೆ ರೂಢಿ ಮಾಡಿಕೊಳ್ಳಿ.

ಗೇರ್ ಪೆಟ್ಟಿಗೆಯೊಳಗೇ ಸದ್ದು ಎನಿಸಿದರೆ, ಗುಂಯ್ ಎನ್ನುವುದು ದಿನದಿನಕ್ಕೆ ಏರುತ್ತಿದ್ದರೆ, ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಬಂದರೆ, ಓಡಿಸಬೇಡಿ. ಟೋ ಮಾಡಿಸುವುದಿದ್ದರೆ ಗಾಡಿ ಪೂರ್ತಿ ಫ್ಲಾಟ್‌ಬೆಡ್ ಲಾರಿ ಮೇಲೆ ಬರಲಿ. ಮೋಟಾರಿಗೆ ಸೇರಿದ ಚಕ್ರಗಳನ್ನು ನೆಲದ ಮೇಲೆ ಉರುಳಿಸಿಕೊಂಡು ಎಳೆದರೆ ಮೋಟಾರ್ ತಿರುಗಿ ಕರೆಂಟ್ ಹುಟ್ಟುತ್ತದೆ, ಒಳಗಿನ ಭಾಗಗಳು ಹಾಳಾಗಬಹುದು.

ಸರ್ವಿಸ್ ಸೆಂಟರಿನಲ್ಲಿ ಹೇಗೆ ಹೇಳಬೇಕು

‘ಸದ್ದು ಬರ್ತದ’ ಎಂದಷ್ಟೇ ಹೇಳಿದರೆ ಜಾಬ್ ಕಾರ್ಡಿನಲ್ಲಿ ‘ಸದ್ದು’ ಎಂದು ಬರೆದು, ಸಂಜೆ ತೊಳೆದು ಕೊಡುತ್ತಾರೆ. ಹೀಗೆ ಬರೆಸಿ: ‘ಬ್ಯಾಟರಿ 70%, ರೀಜೆನ್ ಪೂರ್ತಿ. ಡಿ ಇಂದ ಆರ್, ಆರ್ ಇಂದ ಡಿ ಬದಲಿಸಿ ಹೊರಟಾಗ ಮುಂದಿನ ಎಡ ಚಕ್ರದಲ್ಲಿ ಒಂದೇ ಟಕ್. ರೀಜೆನ್ ಸೊನ್ನೆ ಮಾಡಿದರೆ ಎರಡನೇ ಸಲ ಬರುವುದಿಲ್ಲ.’ ವಿಡಿಯೋ ತೋರಿಸಿ. ಟೆಕ್ನಿಷಿಯನ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವೇ ಓಡಿಸಿ ಕೇಳಿಸಿ. ಕೌಂಟರಿನಲ್ಲಿ ಬರೆದುಕೊಳ್ಳುವವರಿಗಿಂತ ಕೈಗೆ ಗ್ರೀಸ್ ಹತ್ತಿಸಿಕೊಳ್ಳುವವರಿಗೆ ಇದು ತಟ್ಟನೆ ಅರ್ಥ ಆಗುತ್ತದೆ. ಶಾಫ್ಟ್ ಬದಲಿಸಬೇಕು ಎಂದರೆ ಸಿಟ್ಟಾಗಬೇಡಿ. ಸಮಾಧಾನದಿಂದ ಕೇಳಿ, ಬೂಟ್ ಹರಿದಿದೆಯೇ, ಸ್ಪ್ಲೈನ್ ಸವೆದಿದೆಯೇ, ತೋರಿಸಿ ಎಂದು. ತೋರಿಸಿದರೆ ಒಪ್ಪಿಕೊಳ್ಳಿ. ತೋರಿಸಲು ಏನೂ ಇಲ್ಲದಿದ್ದರೆ, ಮೊದಲು ಮುಖ ಸ್ವಚ್ಛ ಮಾಡಿ ಪೇಸ್ಟ್ ಹಾಕಿ ನೋಡೋಣ ಎನ್ನಿ.

ಕೆಲಸ ಮುಗಿದ ಮೇಲೆ ಅದೇ ಮೈದಾನಕ್ಕೆ ಹೋಗಿ ಅದೇ ಡಿ, ಆರ್, ಡಿ ಮಾಡಿ. ನನ್ನ ಗಾಡಿಯಲ್ಲಿ ಆ ಸಂಜೆ ಕೇಳಿಸಿದ್ದು ಟೈರಿನ ಕೆಳಗಿನ ಮಣ್ಣಿನ ಸದ್ದು ಮಾತ್ರ, ಎಷ್ಟು ಖುಷಿಯಾಯಿತೆಂದರೆ ಸುಮ್ನೆ ಹತ್ತು ಸಲ ಹಿಂದೆ ಮುಂದೆ ಹೋದೆ. ಚಕ್ರ ಬಿಚ್ಚಿ ಹಾಕಿದ ಯಾವ ಕೆಲಸ ಆದರೂ 50 ರಿಂದ 100 ಕಿಲೋಮೀಟರ್ ಓಡಿದ ಮೇಲೆ ವೀಲ್ ನಟ್ಟುಗಳನ್ನು ಮತ್ತೊಮ್ಮೆ ಟಾರ್ಕ್ ರೆಂಚಿನಿಂದ ನೋಡಿಸಿ. ಹುಬ್ಬಳ್ಳಿಯಿಂದ ಗದಗ ಮುಟ್ಟುವಷ್ಟರಲ್ಲೇ ಅಷ್ಟು ಆಗಿಬಿಡುತ್ತದೆ.